ಸುಳ್ಳು ಚೀಟಿ ಮತ್ತು ಅಡವಿಯ ಗೂಬೆ

ಇಂದಿನ ಛತ್ತೀಸ್‌ಗಢದ ಬಸ್ನಾ ಬಳಿ 1872ರಲ್ಲಿ ಬ್ಲೆವಿಟ್ ಎಂಬವರಿಗೆ ದೊರೆತ ಪುಟ್ಟ ಗೂಬೆಯೊಂದನ್ನು ಎ. ಒ. ಹ್ಯೂಮ್ ಮರುವರ್ಷ ಹೊಸ ಪ್ರಭೇದವೆಂದು ವರ್ಣಿಸಿ, ಬ್ಲೆವಿಟ್ ಹೆಸರನ್ನೇ ಅದಕ್ಕಿಟ್ಟರು. (ಮುಂದೆ ಕಾಂಗ್ರೆಸ್ಸನ್ನು ಸ್ಥಾಪಿಸಿದ ಹ್ಯೂಮ್ ಇವರೇ.) ನಮ್ಮ ಊರುಗಳ ಹಾಲಕ್ಕಿಗೆ ಇದು ದಾಯಾದಿ. ಆದರೆ ಹಾಲಕ್ಕಿಯ ನೆತ್ತಿಯ ಬಿಳಿ ಚುಕ್ಕೆಗಳು ಇದಕ್ಕೆ ಇಲ್ಲವೆನ್ನುವಷ್ಟು ವಿರಳ. ಹಗಲಿನಲ್ಲಿಯೇ ಬೇಟೆಯಾಡುವುದು ಇದರ ವಾಡಿಕೆ.

1884ರೊಳಗೆ ಏಳು ಮಾದರಿಗಳು ಸಂಗ್ರಹವಾದವು. ಅನಂತರ ಹಕ್ಕಿ ಕಣ್ಮರೆಯಾಯಿತು. ಆದರೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು ಮಾದರಿಯಿತ್ತು. 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಸಿಕ್ಕಿದ್ದೆಂದು ಅದರ ಕಾಲಿನ ಚೀಟಿ ಹೇಳುತ್ತಿತ್ತು. ಬರೆದವರು ಬ್ರಿಟಿಷ್ ಸೇನಾಧಿಕಾರಿಯೂ ಹೆಸರಾಂತ ಪಕ್ಷಿತಜ್ಞರೂ ಆಗಿದ್ದ ರಿಚರ್ಡ್ ಮೈನರ್ಟ್ಜಾಗೆನ್. ಆ ಚೀಟಿಯನ್ನು ನಂಬಿ ಹುಡುಕಿದವರಿಗೆ ಏನೂ ಸಿಗಲಿಲ್ಲ.

ಸಿಗುವುದಾದರೂ ಹೇಗೆ? ಅಮೆರಿಕದ ವಿದ್ವಾಂಸೆ ಪಮೇಲಾ ರಾಸ್ಮುಸ್ಸೆನ್ ಆ ಮಾದರಿಯನ್ನು ಪರೀಕ್ಷಿಸಿದಾಗ, ಖಾಂದೇಶದಲ್ಲಿ ಜೇಮ್ಸ್ ಡೇವಿಡ್ಸನ್ ಎಂಬ ಅಧಿಕಾರಿ 1880ರ ದಶಕದಲ್ಲಿ ಹದಮಾಡಿದ ಹಕ್ಕಿಯದೇ ಗುರುತುಗಳು ಕಂಡವು. ಅದನ್ನು ಕದ್ದು, ಬಿಚ್ಚಿ, ಮತ್ತೆ ತುಂಬಿ, ಹೊಸ ಚೀಟಿ ಕಟ್ಟಲಾಗಿತ್ತು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಯನ್ನು ಬೋಧಿಸುವಾಗ ನಾವು ನ್ಯಾಯಾಲಯವನ್ನೂ ನೆರೆಮನೆಯನ್ನೂ ನೆನೆಯುತ್ತೇವೆ. ಮೂಕಜೀವಿಯ ವಿರುದ್ಧವೂ ಸುಳ್ಳುಸಾಕ್ಷಿ ನುಡಿಯಬಹುದೆಂಬುದು ನಮಗೆ ಹೊಳೆಯುವುದಿಲ್ಲ. ಅಳಿದುಹೋಯಿತೆಂದು ನಂಬಲಾದ ಹಕ್ಕಿಗಾಗಿ ಯಾರು ತಾನೇ ಕಾಡನ್ನು ಉಳಿಸಿಯಾರು?

ರಾಸ್ಮುಸ್ಸೆನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಟ್ ಸುಳ್ಳು ಚೀಟಿಯನ್ನು ಬದಿಗಿಟ್ಟು, ಪ್ರಾಮಾಣಿಕ ಚೀಟಿಗಳು ಹೇಳಿದ ತಾಣಗಳಿಗೆ ಮಾತ್ರ ಹೋದರು. 1997ರ ನವೆಂಬರ್ 25ರಂದು ಮಹಾರಾಷ್ಟ್ರದ ಶಹಾದಾ ಬಳಿ, ಎಲೆಯುದುರಿದ ಮರದ ಮೇಲೆ, ಹಾಡಹಗಲಿನಲ್ಲಿ ಆ ಗೂಬೆ ಕುಳಿತಿತ್ತು. 113 ವರ್ಷಗಳಾಗಿದ್ದವು! ಮೈನರ್ಟ್ಜಾಗೆನ್ನರ ವಂಚನೆಯ ಪೂರ್ಣ ವಿವರವನ್ನು ರಾಸ್ಮುಸ್ಸೆನ್ ಮತ್ತು ನೈಜೆಲ್ ಕಾಲರ್ 1999ರಲ್ಲಿ ಪ್ರಕಟಿಸಿದರು.

ಮುಂದೆ ಮೇಳಘಾಟ್, ಖಂಡ್ವಾ, ಮುಂಬಯಿಗೆ ಸಮೀಪದ ತಾನ್ಸಾ ಅರಣ್ಯಗಳಲ್ಲಿಯೂ ಅದು ಕಂಡುಬಂದುದರಿಂದ, 2018ರಲ್ಲಿ ಅದನ್ನು ಅತ್ಯಂತ ಅಪಾಯದ ವರ್ಗದಿಂದ ಒಂದು ಮೆಟ್ಟಿಲು ಇಳಿಸಿ ಅಳಿವಿನಂಚಿನ ವರ್ಗಕ್ಕೆ ಸೇರಿಸಿದರು. ಬೆಳೆದ ಹಕ್ಕಿಗಳು ಇನ್ನೂ ಸಾವಿರಕ್ಕಿಂತ ಕಡಿಮೆಯೆಂದೇ ಅಂದಾಜು. ಒಂದು ಕಾಡಿಗೂ ಇನ್ನೊಂದಕ್ಕೂ ನಡುವೆ ಹೊಲಗಳು, ರಸ್ತೆಗಳು, ಊರುಗಳು. ಮರಗಳ್ಳತನ, ಒತ್ತುವರಿ, ಕಾಡುಕಿಚ್ಚು ಇವು ಉಳಿದ ತುಂಡುಗಳನ್ನೂ ಕಿರಿದುಗೊಳಿಸುತ್ತಿವೆ. ಕಾಡಂಚಿನಲ್ಲಿ ಉಳುವವರಲ್ಲಿ ಅನೇಕರು ಬಡ ಆದಿವಾಸಿಗಳು. ಅವರನ್ನಷ್ಟೇ ಅಪರಾಧಿಗಳೆನ್ನುವುದು ನ್ಯಾಯವಲ್ಲ. ಆದರೆ ಗೂಬೆಗೆ ಗೂಡೆಂದರೆ ವಯಸ್ಸಾದ ಮರದ ಪೊಟರೆ. ಹೊಸದಾಗಿ ನೆಟ್ಟ ತೇಗದ ತೋಪಿನಲ್ಲಿ ಅಂಥ ಪೊಟರೆ ಮೂಡಲು ಹಲವು ದಶಕಗಳು ಬೇಕು.