ಹಳೆಯ ಮೋಟಾರ್ ಸೈಕಲ್‌ಗಳ ಸ್ವಂತ ದುರಸ್ತಿ ಮತ್ತು ಮಾರ್ಪಾಡು: ವಾಹನ ಮಾಲೀಕರ ಮಾಹಿತಿಗಾಗಿ

ಪೀಠಿಕೆ

ಸಂಗೊಳ್ಳಿಯೂ ಸೇರಿದಂತೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗಗಳಲ್ಲಿ ಹಳೆಯ ಯೆಜ್ಡಿ, ಯಮಹಾ ಮೊದಲಾದ ವಾಹನಗಳನ್ನು ಮನೆಯಂಗಳದಲ್ಲಿಯೇ ಬಿಚ್ಚಿ ಸರಿಪಡಿಸಬಯಸುವ ಮಾಲೀಕರಿಗೆ ಈ ಮಾಹಿತಿಯು ಉಪಯುಕ್ತವಾಗಿದೆ. ಇಂತಹ ವಾಹನಗಳ ದುರಸ್ತಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ದುರಸ್ತಿಯು ಯಾವ ಹಂತದಲ್ಲಿ ಮಾರ್ಪಾಡಾಗಿ ಪರಿಣಮಿಸುತ್ತದೆ ಹಾಗೂ ಯಾವ ಮಾರ್ಪಾಡು ಸವಾರನ ಪ್ರಾಣಕ್ಕೆ ಅಪಾಯವನ್ನು ತರುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ.

ಪ್ರಮುಖ ಮಾದರಿಗಳು

ಐಡಿಯಲ್ ಜಾವಾ ಸಂಸ್ಥೆಯು ಮೈಸೂರಿನಲ್ಲಿ 1960ರಲ್ಲಿ ಸ್ಥಾಪನೆಗೊಂಡು, ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ತಾಂತ್ರಿಕ ಸಹಯೋಗದಲ್ಲಿ 250 ಸಿ.ಸಿ. ವಾಹನಗಳನ್ನು ತಯಾರಿಸಿತು. 1970ರ ದಶಕದಲ್ಲಿ ಇವು ಯೆಜ್ಡಿ ಎಂಬ ಹೆಸರನ್ನು ಪಡೆದವು. 1978ರಲ್ಲಿ ರೋಡ್‌ಕಿಂಗ್ ಮಾದರಿಯು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಲ್ಪಟ್ಟಿತು. ಎಸ್ಕಾರ್ಟ್ಸ್ ಸಂಸ್ಥೆಯು 1983ರಿಂದ ತಯಾರಿಸಿದ ರಾಜ್‌ದೂತ್ 350 ವಾಹನವು ಎರಡು ಸಿಲಿಂಡರ್, 347 ಸಿ.ಸಿ. ಹಾಗೂ ಆರು ಗೇರುಗಳನ್ನು ಹೊಂದಿತ್ತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ವಾಹನವು 98 ಸಿ.ಸಿ.ಯದಾದರೂ ತನ್ನ ಕಾಲದಲ್ಲಿ ವೇಗಕ್ಕೆ ಹೆಸರಾಗಿತ್ತು. ಇವೆಲ್ಲವೂ ಟೂ ಸ್ಟ್ರೋಕ್ ಎಂಜಿನ್‌ಗಳಾಗಿವೆ.

ಮನೆಯಲ್ಲಿ ಕೈಗೊಳ್ಳಬಹುದಾದ ಕೆಲಸಗಳು

1. ಮಸಿ ತೆಗೆಯುವುದು: ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುವುದರಿಂದ ಹೊಗೆ ಹೊರಬೀಳುವ ದ್ವಾರದಲ್ಲಿ ಹಾಗೂ ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ವಾಹನದ ಎಳೆತ ಕುಗ್ಗಲು ಇದು ಸಾಮಾನ್ಯ ಕಾರಣ. ಮಸಿಯನ್ನು ಮರದ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆಯತಕ್ಕದ್ದು. ಉಕ್ಕಿನ ಚೂಪು ಉಪಕರಣವು ಪಿಸ್ಟನ್‌ಗೆ ಗೀರು ಉಂಟುಮಾಡುತ್ತದೆ.

2. ಪಾಯಿಂಟ್ ಹೊಂದಿಕೆ: ಹಳೆಯ ಯೆಜ್ಡಿಯಲ್ಲಿ ಪಾಯಿಂಟ್‌ಗಳ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ಅಳೆದು, ಆಯಾ ಮಾದರಿಯ ಕೈಪಿಡಿಯಲ್ಲಿ ಸೂಚಿಸಿದಷ್ಟೇ ಇರಿಸಬೇಕು. ಅಂತರ ಬದಲಾದರೆ ಕಿಡಿ ಹೊರಡುವ ಸಮಯವೂ ಬದಲಾಗುವುದರಿಂದ ಎರಡನ್ನೂ ಒಟ್ಟಿಗೆ ಪರೀಕ್ಷಿಸತಕ್ಕದ್ದು.

3. ಪ್ಲಗ್ ಪರೀಕ್ಷೆ: ಪ್ಲಗ್ಗಿನ ತುದಿಯು ತಿಳಿ ಕಂದು ಬಣ್ಣವಿದ್ದಲ್ಲಿ ಮಿಶ್ರಣ ಸರಿಯಾಗಿದೆ. ಒಣ ಕಪ್ಪು ಮಸಿಯಿದ್ದಲ್ಲಿ ಪೆಟ್ರೋಲು ಹೆಚ್ಚಾಗಿದೆ. ಬಿಳಿಚಿಕೊಂಡಿದ್ದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಮಿತಿಮೀರಿ ಕಾಯುತ್ತಿದೆ ಎಂದು ತಿಳಿದು, ಕಾರಣ ಕಂಡುಹಿಡಿಯುವವರೆಗೆ ವಾಹನವನ್ನು ವೇಗವಾಗಿ ಓಡಿಸಬಾರದು.

4. ಎಣ್ಣೆಯ ಪ್ರಮಾಣ: ಹಳೆಯ ಜಾವಾ ಮಾದರಿಗಳಿಗೆ 25:1, ಅಂದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆಯನ್ನು ಬೆರೆಸುವುದು ರೂಢಿ. ಯಮಹಾ ಮಾದರಿಗಳಲ್ಲಿ ಪ್ರತ್ಯೇಕ ಎಣ್ಣೆ ಟ್ಯಾಂಕ್ ಹಾಗೂ ಪಂಪ್ ಇರುತ್ತವೆ. ಪಂಪನ್ನು ತೆಗೆದುಹಾಕಿದ ವಾಹನವನ್ನು ಕೊಂಡವರು ಆ ಸಂಗತಿಯನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಎಣ್ಣೆ ಬೆರೆಸದ ಪೆಟ್ರೋಲಿನಲ್ಲಿ ಅಂತಹ ಎಂಜಿನ್ ಬೇಗನೆ ಕೆಡುತ್ತದೆ.

5. ಬಹುಕಾಲ ನಿಂತ ವಾಹನ: ಕ್ರ್ಯಾಂಕ್‌ನ ಎರಡೂ ಬದಿಯ ಆಯಿಲ್ ಸೀಲುಗಳು ಒಣಗಿ ಬಿರುಕು ಬಿಡುತ್ತವೆ. ಅಲ್ಲಿಂದ ಒಳಸೇರುವ ಗಾಳಿಯು ಮಿಶ್ರಣವನ್ನು ತೆಳುವಾಗಿಸುತ್ತದೆ. ಶೇ. 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರ್ ಕೊಳವೆ ಹಾಗೂ ವಾಷರ್‌ಗಳನ್ನು ಕೆಡಿಸಬಲ್ಲದು, ತೇವಾಂಶವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ವಾಹನವನ್ನು ನಿಲ್ಲಿಸಿಡುವ ಮುನ್ನ ಕಾರ್ಬೋರೇಟರ್ ಬರಿದು ಮಾಡುವುದು ಒಳಿತು.

ಸಿಲಿಂಡರ್ ಬೋರ್ ಮಾಡಿಸುವುದು ಹಾಗೂ ಕ್ರ್ಯಾಂಕ್ ಜೋಡಿಸುವುದು ಮನೆಯ ಕೆಲಸಗಳಲ್ಲ. ಇವುಗಳನ್ನು ಅಳತೆ ಉಪಕರಣಗಳುಳ್ಳ ವರ್ಕ್‌ಶಾಪಿನಲ್ಲಿಯೇ ಮಾಡಿಸತಕ್ಕದ್ದು. ಹೊಸ ಪಿಸ್ಟನ್ ಕೈಯಲ್ಲಿರುವಾಗ ಅದರ ಅಳತೆಗೆ ತಕ್ಕಂತೆ ಬೋರ್ ಮಾಡಿಸಬೇಕೇ ಹೊರತು, ಬೋರ್ ಮಾಡಿಸಿದ ನಂತರ ಪಿಸ್ಟನ್ ಹುಡುಕಬಾರದು.

ಶಕ್ತಿ ಹೆಚ್ಚಿಸುವ ಮಾರ್ಪಾಡುಗಳ ಅಪಾಯ

ಟೂ ಸ್ಟ್ರೋಕ್ ವಾಹನದ ಸೈಲೆನ್ಸರ್ ಕೇವಲ ಸದ್ದಡಗಿಸುವ ಕೊಳವೆಯಲ್ಲ. ಅದರೊಳಗೆ ಮರಳುವ ಒತ್ತಡದ ಅಲೆಯು ಉರಿಯದ ಮಿಶ್ರಣವನ್ನು ಸಿಲಿಂಡರ್‌ನಲ್ಲಿ ಹಿಡಿದಿಡುತ್ತದೆ. ಸೈಲೆನ್ಸರ್ ಅಥವಾ ಗಾಳಿಶೋಧಕವನ್ನು ಬದಲಿಸಿ, ಕಾರ್ಬೋರೇಟರ್ ಜೆಟ್ಟನ್ನು ಹಾಗೆಯೇ ಬಿಟ್ಟರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಹಿಗ್ಗುತ್ತದೆ ಮತ್ತು ಸಿಲಿಂಡರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಹಿಂದಿನ ಚಕ್ರವು ಒಮ್ಮೆಲೇ ಬಿಗಿಯುವುದರಿಂದ ಸವಾರನು ರಸ್ತೆಗೆ ಬೀಳುವ ಸಂಭವವಿದೆ. ಎಂಜಿನ್ ಸದ್ದು ಕುಗ್ಗಿ ವೇಗ ತಾನಾಗಿಯೇ ಇಳಿಯಲಾರಂಭಿಸಿದರೆ ಕೂಡಲೇ ಕ್ಲಚ್ ಹಿಡಿಯತಕ್ಕದ್ದು. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವ ವಾಹನದಲ್ಲಿ, ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ಣ ಮುಚ್ಚಿ ಗೇರಿನಲ್ಲಿ ಇಳಿದರೆ ಎಣ್ಣೆಯ ಪೂರೈಕೆಯೂ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಬೇಕು.

ಈ ವಾಹನಗಳ ಬ್ರೇಕುಗಳು ಅವುಗಳ ಮೂಲ ಶಕ್ತಿಗೇ ಸಾಲದಾಗಿದ್ದ ಉದಾಹರಣೆಯೂ ಉಂಟು. ವಿದೇಶದಲ್ಲಿ ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಹೊಂದಿದ್ದ ಯಮಹಾದ 350 ಸಿ.ಸಿ. ವಾಹನವು ಭಾರತದಲ್ಲಿ ಡ್ರಮ್ ಬ್ರೇಕಿನೊಂದಿಗೆ ಮಾರಾಟವಾಯಿತು. ಬ್ರೇಕ್, ಟೈರು ಹಾಗೂ ಸ್ಟೀರಿಂಗ್ ಬೇರಿಂಗುಗಳನ್ನು ಸರಿಪಡಿಸದೆ ಎಂಜಿನ್‌ನ ಶಕ್ತಿಯನ್ನಷ್ಟೇ ಹೆಚ್ಚಿಸುವುದು ಅಪಾಯಕರ.

ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದೇ ತತ್ವವನ್ನು ಎತ್ತಿಹಿಡಿದಿದೆ. 2019ರಲ್ಲಿ ತಿದ್ದುಪಡಿಗೊಂಡ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸವೆದ ಭಾಗಕ್ಕೆ ಅದೇ ನಮೂನೆಯ ಭಾಗವನ್ನು ಜೋಡಿಸುವುದು ದುರಸ್ತಿಯೇ ಆಗಿದೆ. ಆದರೆ ಹಳೆಯ ವಾಹನದಿಂದ ತೆಗೆದ ಕ್ರ್ಯಾಂಕ್‌ಕೇಸ್ ಜೋಡಿಸಿದಲ್ಲಿ ಎಂಜಿನ್ ಸಂಖ್ಯೆಯೇ ಬದಲಾಗುವುದರಿಂದ ನೋಂದಣಿ ಪ್ರಾಧಿಕಾರದ ಅನುಮೋದನೆ ಅಗತ್ಯ. ಇಂತಹ ಭಾಗವನ್ನು ಕೊಳ್ಳುವಾಗ ಮಾರಿದವರಿಂದ ರಸೀದಿಯನ್ನು ಪಡೆದಿರಬೇಕು. ಎಂಜಿನ್ ಅಥವಾ ಚಾಸಿಸ್ ಸಂಖ್ಯೆಯನ್ನು ಯಾವ ಕಾರಣಕ್ಕೂ ಉಜ್ಜಬಾರದು, ತಿದ್ದಬಾರದು. ಬಣ್ಣವೂ ನೋಂದಣಿ ಪತ್ರದಲ್ಲಿ ನಮೂದಾಗಿರುವ ವಿವರವಾಗಿದೆ.

ಸ್ವಂತ ಬಳಕೆಯ ವಾಹನದ ನೋಂದಣಿಯು 15 ವರ್ಷಗಳಿಗೆ ಸಿಂಧುವಾಗಿದ್ದು, ಬಳಿಕ ಐದೈದು ವರ್ಷಗಳಿಗೆ ನವೀಕರಿಸಬೇಕಾಗುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಎಲ್ಲ ಯೆಜ್ಡಿಗಳ ಮೊದಲ ಅವಧಿಯು ಮುಗಿದುಹೋಗಿದೆ. ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಕೆಎ-24 ಸಂಕೇತದ ವಾಹನಗಳ ಮಾಲೀಕರು ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು. 2000ನೇ ಇಸವಿಯ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 4.5ನ್ನು ಮೀರಬಾರದು.

ಐವತ್ತು ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಉಳಿಸಿಕೊಂಡ ವಾಹನಗಳನ್ನು 2021ರ ನಿಯಮಗಳಂತೆ ವಿಂಟೇಜ್ ವಾಹನಗಳೆಂದು ನೋಂದಾಯಿಸಲು ಅವಕಾಶವಿದೆ. ಅವುಗಳನ್ನು ಪ್ರದರ್ಶನ, ರ್‍ಯಾಲಿ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಕೆಲಸದ ಸುರಕ್ಷತೆ

ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಂಭವವಿದೆ. ಆ ಧೂಳನ್ನು ಬಾಯಿಂದಾಗಲಿ, ಪಂಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಪೆಟ್ರೋಲು ಟ್ಯಾಂಕ್‌ಗೆ ವೆಲ್ಡಿಂಗ್ ಮಾಡುವುದು ಬರಿದಾದ ಟ್ಯಾಂಕ್‌ನಲ್ಲಿಯೂ ಸ್ಫೋಟಕ್ಕೆ ಕಾರಣವಾಗಬಲ್ಲದು. ಈ ಕೆಲಸವನ್ನು ಅನುಭವಿಗಳಿಗೆ ಒಪ್ಪಿಸಬೇಕು. ಎಂಜಿನ್ ಚಾಲನೆಯನ್ನು ಮುಚ್ಚಿದ ಕೋಣೆಯಲ್ಲಿ ಪರೀಕ್ಷಿಸಬಾರದು. ದುರಸ್ತಿಯ ನಂತರದ ಮೊದಲ ಸವಾರಿಯನ್ನು ಹೆಲ್ಮೆಟ್ ಧರಿಸಿ, ಜನಸಂಚಾರ ವಿರಳವಾದ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಕೈಗೊಂಡು, ಬ್ರೇಕುಗಳನ್ನು ಮೊದಲು ಪರೀಕ್ಷಿಸತಕ್ಕದ್ದು.