ಮ್ಯಾಜೇಡಿ ಶಾಸನದ ರಾಣಿ: ತ್ರಿಲೋಕವಟಂಸಕಾದೇವಿ

ಬರ್ಮಾದ ಪಗಾನ್ ಅರಸುಮನೆತನದ ರಾಣಿಯರನ್ನು ಕುರಿತ ಆಕರಗಳು ಮುಖ್ಯವಾಗಿ ಎರಡು ಬಗೆಯವು: ಸಮಕಾಲೀನ ಶಾಸನಗಳು ಮತ್ತು ಶತಮಾನಗಳ ತರುವಾಯ ಸಂಕಲಿತವಾದ ರಾಜವೃತ್ತಾಂತಗಳು. 1084ರಲ್ಲಿ ಪಟ್ಟವೇರಿದ ಕ್ಯಾನ್‌ಸಿತ್ಥನ ಒಬ್ಬ ರಾಣಿಯ ವಿಷಯದಲ್ಲಿ ಇವೆರಡರ ನಡುವಣ ಅಂತರ ಸ್ಪಷ್ಟವಾಗಿ ಗೋಚರಿಸುತ್ತದೆ.

1829ರಿಂದ 1832ರ ಅವಧಿಯಲ್ಲಿ ಸಿದ್ಧವಾದ 'ಹ್ಮನ್ನಾನ್ ಯಾಜವಿನ್' ಆಕೆಯನ್ನು ತಂಬುಲಾ ಎಂದು ಕರೆಯುತ್ತದೆ. ದೇಶಭ್ರಷ್ಟನಾಗಿದ್ದಾಗ ಕ್ಯಾನ್‌ಸಿತ್ಥ ಆಕೆಯನ್ನು ವರಿಸಿ, ಅಗಲುವಾಗ ಉಂಗುರವೊಂದನ್ನು ಕೊಟ್ಟನೆಂದೂ, ಆತ ಅರಸನಾದ ಮೇಲೆ ಆಕೆ ಮಗನೊಡನೆ ಬಂದಳೆಂದೂ, ಅಷ್ಟರಲ್ಲಿ ಸಿಂಹಾಸನವು ಮಗಳ ಮಗನಾದ ಅಲೌಂಗ್‌ಸಿತುವಿಗೆ ನಿಶ್ಚಯವಾಗಿತ್ತೆಂದೂ ಅಲ್ಲಿದೆ. 'ಅಭಿಜ್ಞಾನ ಶಾಕುಂತಲ'ವನ್ನು ಬಲ್ಲ ನಮಗೆ ಈ ಉಂಗುರ ಅಪರಿಚಿತವೇನಲ್ಲ. ಆ ಕಾರಣಕ್ಕಾಗಿಯೇ ಇದನ್ನು ಇತಿಹಾಸವೆಂದು ಸ್ವೀಕರಿಸುವಾಗ ಎಚ್ಚರ ಅಗತ್ಯ.

ಪಗಾನಿನ ದಕ್ಷಿಣಕ್ಕಿರುವ ಮ್ಯಿಂಕಬಾ ಗ್ರಾಮದ ಮ್ಯಾಜೇಡಿ ಶಾಸನದಲ್ಲಿ ಉಂಗುರದ ಪ್ರಸ್ತಾಪವಿಲ್ಲ. ಕಂಬದ ನಾಲ್ಕು ಮುಖಗಳಲ್ಲಿ ಪಾಳಿ, ಮೋನ್, ಪ್ಯೂ ಮತ್ತು ಬರ್ಮೀ ಭಾಷೆಗಳಲ್ಲಿ ಕೆತ್ತಿದ ಈ ಶಾಸನವನ್ನು ಸಾಮಾನ್ಯವಾಗಿ 1112-13ರ ಕಾಲದ್ದೆಂದು ನಿರ್ಧರಿಸಲಾಗಿದೆ. ಪ್ಯೂ ಭಾಷೆಯನ್ನು ಓದಲು 1911ರಲ್ಲಿ ಬ್ಲಾಗ್ಡೆನ್‌ರಿಗೆ ಆಧಾರವಾದದ್ದು ಇದೇ. ಭಾಷಾಶಾಸ್ತ್ರದ ಈ ಕೀರ್ತಿಯಲ್ಲಿ ಶಾಸನದ ಒಕ್ಕಣೆ ಕೊಂಚ ಮರೆಯಾಗಿದೆ.

ಶಾಸನದಲ್ಲಿ ರಾಣಿಯ ಹೆಸರು ತ್ರಿಲೋಕವಟಂಸಕಾದೇವಿ, ಅಂದರೆ ಮೂರು ಲೋಕಗಳ ಶಿರೋಭೂಷಣ. ಇದು ಬಿರುದೇ ಹೊರತು ಮನೆಯಲ್ಲಿ ಕರೆಯುತ್ತಿದ್ದ ಹೆಸರಾಗಿರಲಾರದು. ಆಕೆಯ ಮಗ ರಾಜಕುಮಾರ. ಅರಸನು ರಾಣಿಗೆ ದಾಸಜನರಿದ್ದ ಮೂರು ಗ್ರಾಮಗಳನ್ನು ಕೊಟ್ಟಿದ್ದನು. ಆಕೆ ತೀರಿಕೊಂಡಾಗ ಆಕೆಯ ಆಭರಣಗಳನ್ನೂ ಆ ಗ್ರಾಮಗಳನ್ನೂ ಮಗನಿಗೆ ವಹಿಸಿದನು. ಆಳ್ವಿಕೆಯ 28 ವರ್ಷಗಳ ನಂತರ ಅರಸನು ಮರಣಶಯ್ಯೆಯಲ್ಲಿದ್ದಾಗ ರಾಜಕುಮಾರನು ಚಿನ್ನದ ಬುದ್ಧಪ್ರತಿಮೆಯನ್ನು ಮಾಡಿಸಿ, ಮೂರು ಗ್ರಾಮಗಳ ದಾಸರನ್ನು ಅದಕ್ಕೆ ಅರ್ಪಿಸಿದನು. ಅರಸನು ಮೆಚ್ಚಿ, ಭಿಕ್ಷುಗಳ ಸಮ್ಮುಖದಲ್ಲಿ ನೆಲಕ್ಕೆ ನೀರೆರೆದನು. ನಮ್ಮ ಶಾಸನಗಳ 'ಧಾರಾಪೂರ್ವಕ'ದ ವಿಧಿಯೇ ಇದು. ಆದರೆ ಇಲ್ಲಿ ಗದ್ದೆ, ತೋಟಗಳ ಅಳತೆಯಿಲ್ಲ, ದತ್ತಿಯಾದದ್ದು ಜನ.

ಇದನ್ನು ಪಿತೃಭಕ್ತಿಯ ದಾಖಲೆಯೆಂದು ಬಣ್ಣಿಸುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅಪೂರ್ಣ. ರಾಣಿಗೆ ಕೊಟ್ಟದ್ದು ಆಕೆಯ ಮರಣಾನಂತರ ಅರಮನೆಯ ಸಾಮಾನ್ಯ ಸಂಪತ್ತಿನಲ್ಲಿ ಕರಗಲಿಲ್ಲ. ಆಕೆಯದೆಂದೇ ಗುರುತಿಸಲ್ಪಟ್ಟು ಆಕೆಯ ಮಗನಿಗೆ ಸಂದಿತು. ಹಾಗೆ ಸಲ್ಲಲು ಅರಸನ ಮಾತು ಬೇಕಾಗಿತ್ತೆಂಬುದೂ ಅಷ್ಟೇ ಮುಖ್ಯ. ಪಟ್ಟವು ಅಲೌಂಗ್‌ಸಿತುವಿನ ಪಾಲಾಗಲಿದ್ದ ಆ ಸಂದರ್ಭದಲ್ಲಿ, ತಾಯಿಯ ಗ್ರಾಮಗಳು ಹೊಸ ಅರಸನ ಅಧೀನಕ್ಕೆ ಹೋಗದಂತೆ ಕಾಯ್ದುಕೊಳ್ಳುವ ಉದ್ದೇಶವೂ ಈ ದತ್ತಿಗೆ ಇದ್ದಿರಬೇಕೆಂದು ನನ್ನ ಊಹೆ. ನಾಲ್ಕು ಭಾಷೆಗಳ ಬಳಕೆ, ಸಾಕ್ಷಿಗಳಾಗಿ ಹೆಸರಿಸಿದ ಭಿಕ್ಷುಗಳ ಪಟ್ಟಿ, ಎರಡು ಕಂಬಗಳಲ್ಲಿ ಪಾಠದ ಪುನರಾವರ್ತನೆ ಇವೆಲ್ಲವೂ ಆ ದಿಕ್ಕಿನಲ್ಲೇ ಕೈತೋರುತ್ತವೆ.

ಶಾಪಾಶಯವೂ ಗಮನಾರ್ಹ. ಈ ದಾಸರಿಗೆ ಬಾಧೆ ಕೊಡುವವನು ಮುಂಬರುವ ಮೈತ್ರೇಯ ಬುದ್ಧನ ದರ್ಶನದಿಂದ ವಂಚಿತನಾಗಲಿ ಎನ್ನುವ ರಾಜಕುಮಾರನು, ಹಾಗೆ ಬಾಧಿಸಬಹುದಾದವರಲ್ಲಿ ತನ್ನ ಮಗ, ಮೊಮ್ಮಗ ಮತ್ತು ಬಂಧುಗಳನ್ನೇ ಮೊದಲು ಹೆಸರಿಸುತ್ತಾನೆ.