ಹೃದಯ ವೈಫಲ್ಯದಲ್ಲಿ ಏರಿಳಿಯುವ ಉಸಿರು: ಕಾರಣಗಳ ಶೋಧದ ಇತಿಹಾಸ

ಹೃದಯ ವೈಫಲ್ಯವಿರುವ ಕೆಲವರಲ್ಲಿ ಉಸಿರು ಮೆಲ್ಲಗೆ ಶುರುವಾಗಿ, ಬರಬರುತ್ತ ಆಳವಾಗಿ, ಮತ್ತೆ ಇಳಿಯುತ್ತ ಬಂದು ಕೆಲವು ಸೆಕೆಂಡು ಪೂರ್ತಿ ನಿಂತುಬಿಡುತ್ತದೆ. ಆಮೇಲೆ ಅದೇ ಸುತ್ತು. ವೈದ್ಯರು ಇದನ್ನು ಚೇನ್–ಸ್ಟೋಕ್ಸ್ ಉಸಿರಾಟ ಎನ್ನುತ್ತಾರೆ. ಹೆಚ್ಚಾಗಿ ನಿದ್ದೆಯಲ್ಲಿ ಬರುವುದರಿಂದ ಮೊದಲು ಕಾಣುವುದು ಪಕ್ಕದಲ್ಲಿ ಮಲಗಿದವರಿಗೆ. ಬೋವಿಕಾನದಂಥ ಸಣ್ಣ ಊರಿರಲಿ, ಬೆಂಗಳೂರಿರಲಿ, ಮನೆಯವರು ಇದನ್ನು ಕೊನೆಗಾಲದ ಮೇಲುಸಿರೆಂದೇ ತಿಳಿದು ಹೆದರುವುದು ಸಹಜ. ಆದರೆ ಹಗಲೆಲ್ಲ ಓಡಾಡಿಕೊಂಡಿರುವ ರೋಗಿಗಳಲ್ಲೂ ರಾತ್ರಿ ಇದು ಕಾಣಿಸಿಕೊಳ್ಳುತ್ತದೆ.

1818ರಲ್ಲಿ ಡಬ್ಲಿನ್‌ನ ವೈದ್ಯ ಜಾನ್ ಚೇನ್ 60 ವರ್ಷದ ರೋಗಿಯೊಬ್ಬನ ಉಸಿರಾಟವನ್ನು ಗಡಿಯಾರ ಹಿಡಿದವರಂತೆ ದಾಖಲಿಸಿದರು: ಕಾಲು ನಿಮಿಷ ಉಸಿರೇ ಇಲ್ಲ, ಒಂದು ಸುತ್ತಿಗೆ ಸುಮಾರು ಒಂದು ನಿಮಿಷ, ಅಷ್ಟರೊಳಗೆ ಮೂವತ್ತರಷ್ಟು ಉಸಿರು. ಅದೇ ಊರಿನ ವಿಲಿಯಂ ಸ್ಟೋಕ್ಸ್ 1854ರ ತಮ್ಮ ಹೃದ್ರೋಗ ಗ್ರಂಥದಲ್ಲಿ ಇದನ್ನು ದುರ್ಬಲ ಹೃದಯದ ಲಕ್ಷಣವೆಂದರು. ಏಕೆ ಹೀಗಾಗುತ್ತದೆಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ.

1909ರಲ್ಲಿ ಡಗ್ಲಸ್ ಮತ್ತು ಹಾಲ್ಡೇನ್ ಒಂದು ಸುಳಿವು ಕೊಟ್ಟರು. ಆರೋಗ್ಯವಂತರು ಬೇಕೆಂದೇ ಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಉಸಿರು ತಾನಾಗಿ ನಿಲ್ಲುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಬರುತ್ತದೆ. 1956ರಲ್ಲಿ ಅಮೆರಿಕದ ಆರ್ಥರ್ ಗೈಟನ್ ತಂಡದವರು ನಾಯಿಗಳಲ್ಲಿ ಹೃದಯದಿಂದ ಮಿದುಳಿಗೆ ಹೋಗುವ ರಕ್ತವನ್ನು ಉದ್ದನೆಯ ಕೊಳವೆಗಳಲ್ಲಿ ಸುತ್ತಿಸಿ ತಡವಾಗಿ ತಲುಪಿಸಿದರು. ಉಸಿರು ಏರಿಳಿಯತೊಡಗಿತು. ಆದರೆ ಎಲ್ಲ ನಾಯಿಗಳಲ್ಲೂ ಅಲ್ಲ. ಅದಕ್ಕೆ ಬೇಕಾದ ವಿಳಂಬವೂ ರೋಗಿಗಳಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಬೆಲೆ ಇರುವುದೇ ಇಲ್ಲಿ: ರಕ್ತದ ನಿಧಾನಗತಿಯೊಂದೇ ಕಾರಣವಲ್ಲವೆಂದು ಅದು ತೋರಿಸಿತು.

ಉಳಿದ ಕೊಂಡಿಯೊಂದು ಭಾರತೀಯರೊಬ್ಬರಿಂದ ಸಿಕ್ಕಿತು. ಶರೀರಕ್ರಿಯಾ ವಿಜ್ಞಾನಿ ಅವತಾರ್ ಸಿಂಗ್ ಪೈಂಟಲ್ 1950ರ ದಶಕದಲ್ಲಿ ಶ್ವಾಸಕೋಶದ ಲೋಮನಾಳಗಳ ಪಕ್ಕದ ನರತುದಿಗಳನ್ನು ಗುರುತಿಸಿದರು. ಮುಂದೆ ಅವಕ್ಕೆ ಜೆ ಗ್ರಾಹಕಗಳೆಂದು ಹೆಸರಾಯಿತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಕಟ್ಟಿದಾಗ ಇವು ಕೆರಳಿ ಉಸಿರನ್ನು ಅವಸರಗೊಳಿಸುತ್ತವೆ. ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಉಸಿರು ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಮತ್ತೆ ಏರಿದ ಸುದ್ದಿ ಕುತ್ತಿಗೆಯ ಮತ್ತು ಮಿದುಳಿನ ಗ್ರಾಹಕಗಳಿಗೆ ತಡವಾಗಿ ತಲುಪುತ್ತದೆ. ಮೊದಲೇ ಅತಿಸೂಕ್ಷ್ಮವಾಗಿರುವ ಅವು ಬೇಕಾದ್ದಕ್ಕಿಂತ ಜೋರಾಗಿ ಉಸಿರೆಳೆಸುತ್ತವೆ. ಮತ್ತೆ ಅದೇ ಇಳಿತ.

ಹಾಗಾದರೆ ಯಂತ್ರದಿಂದ ಉಸಿರನ್ನು ಸರಿಪಡಿಸಿದರೆ ರೋಗಿ ಹೆಚ್ಚು ಕಾಲ ಬದುಕಬೇಕಲ್ಲವೇ? 1,325 ಜನರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಸರ್ವ್-ಎಚ್‌ಎಫ್ ಅಧ್ಯಯನ ಇದಕ್ಕೆ ವಿರುದ್ಧವಾದ ಉತ್ತರ ಕೊಟ್ಟಿತು. ಎಡಹೃದಯದ ಪಂಪಿಂಗ್ ಶೇ. 45 ಅಥವಾ ಅದಕ್ಕಿಂತ ಕಡಿಮೆ ಇದ್ದ ಆ ರೋಗಿಗಳಲ್ಲಿ, ಉಸಿರಿಗೆ ಹೊಂದಿಕೊಂಡು ಗಾಳಿ ಒತ್ತುವ ಯಂತ್ರ ಬಳಸಿದವರಲ್ಲೇ ಹೃದಯ ಸಂಬಂಧಿ ಸಾವು ಹೆಚ್ಚಿತು: ಶೇ. 29.9, ಉಳಿದವರಲ್ಲಿ ಶೇ. 24. ಆದ್ದರಿಂದ ಈಗ ಮೊದಲ ಗಮನ ಹೃದಯದ ಚಿಕಿತ್ಸೆಗೆ. ಬೋವಿಕಾನದಿಂದ ಮಂಗಳೂರಿಗೋ ಸುಳ್ಯಕ್ಕೋ ರೋಗಿಯನ್ನು ವೈದ್ಯರ ಬಳಿ ಕರೆದೊಯ್ಯುವವರು, ರಾತ್ರಿಯ ಆ ಉಸಿರನ್ನು ಎರಡು ಮೂರು ನಿಮಿಷ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಬಹಳ ಉಪಕಾರ.